ಚಿತ್ರ ಸಿಕ್ಕಿತೆಂದರೆ ರಚನೆ ಸಿಕ್ಕಿದಂತಲ್ಲ

ಪಾಲಿಮರ್ ಕುರಿತ ಸಂಶೋಧನಾ ಪ್ರಬಂಧ ಪರಿಶೀಲಕರ ಕೈಸೇರಿ ಹಿಂದಿರುಗಿದಾಗ ಟಿಪ್ಪಣಿಗಳಲ್ಲಿ ಒಂದು ಬೇಡಿಕೆ ಮತ್ತೆ ಮತ್ತೆ ಕಾಣಿಸುತ್ತದೆ: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಸೇರಿಸಿ. ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲೂ ಅದೇ ಮಾತು, ಅನುದಾನದ ಅರ್ಜಿ ನೋಡುವ ಸಮಿತಿಯಲ್ಲೂ ಅದೇ ಮಾತು. ವಿದ್ಯಾರ್ಥಿ ಕ್ಷ-ಕಿರಣ ಚದುರಿಕೆಯ ವಕ್ರರೇಖೆಯನ್ನು ಮುಂದಿಟ್ಟರೆ ಅದಕ್ಕೆ ‘ಪರೋಕ್ಷ ಸಾಕ್ಷ್ಯ’ ಎಂಬ ಹೆಸರು. ಕಪ್ಪು ಬಿಳುಪಿನ ಚಿತ್ರವೊಂದನ್ನು ಇಟ್ಟರೆ ಅದು ‘ಪ್ರತ್ಯಕ್ಷ’. ಅಲ್ಲಿಗೆ ಚರ್ಚೆ ಮುಗಿಯುತ್ತದೆ.

ಈ ರೂಢಿ ತಪ್ಪು. ನೂರು ನ್ಯಾನೋಮೀಟರ್ ದಪ್ಪದ ಪಾಲಿಮರ್ ಪೊರೆಯ ಎಲೆಕ್ಟ್ರಾನ್ ಚಿತ್ರವನ್ನು ಛಾಯಾಚಿತ್ರವೆಂದು ಓದಬಾರದು; ಅದು ಒಂದು ಪ್ರಯೋಗದ ಫಲಿತಾಂಶ. ಕಿರಣ ಎಷ್ಟು ಹೊತ್ತು ಬಿತ್ತು, ಫೋಕಸ್ ಎಲ್ಲಿತ್ತು, ಮಾದರಿಗೆ ಯಾವ ಲೋಹದ ಬಣ್ಣ ಹಿಡಿಸಲಾಯಿತು, ಪೊರೆ ಎಷ್ಟು ದಪ್ಪವಿತ್ತು ಎಂಬುದರ ಮೇಲೆ ಅದರ ಪ್ರತಿ ಮಚ್ಚೆಯೂ ನಿಂತಿದೆ. ಇವುಗಳನ್ನು ಬದಿಗಿಟ್ಟು ಚಿತ್ರದ ಮಾತನ್ನೇ ನಂಬಿದ್ದಕ್ಕೆ ಪಾಲಿಮರ್ ವಿಜ್ಞಾನ ಕಳೆದ ಅರುವತ್ತು ವರ್ಷಗಳಲ್ಲಿ ಕನಿಷ್ಠ ಮೂರು ಬಾರಿ ದೊಡ್ಡ ಬೆಲೆ ತೆತ್ತಿದೆ. ಆ ಮೂರೂ ಪ್ರಸಂಗಗಳು ಪ್ರಕಟಿತ ದಾಖಲೆಯಲ್ಲಿವೆ. ಅವುಗಳನ್ನು ಬಲ್ಲವರೂ ಮತ್ತೆ ಅದೇ ರೂಢಿಗೆ ತಲೆಬಾಗುತ್ತಿರುವುದರಿಂದಲೇ ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ.

ಚಿತ್ರದ ಮೇಲಿನ ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. 1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದರು. 1986ರಲ್ಲಿ ರುಸ್ಕಾ ಅವರಿಗೆ ನೊಬೆಲ್ ಬಹುಮಾನ ಬಂತು. ಲೋಹಗಳ ವಿಷಯದಲ್ಲಿ ಈ ಯಂತ್ರ ಪವಾಡವನ್ನೇ ಮಾಡಿತು. ಚಿನ್ನದ ಪರಮಾಣು ಭಾರವಾದದ್ದು, ಎಲೆಕ್ಟ್ರಾನುಗಳನ್ನು ಜೋರಾಗಿ ಚದುರಿಸುತ್ತದೆ. ಹರಳಿನಲ್ಲಿ ಅದು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕಿರಣದ ಹೊಡೆತವನ್ನು ಬಹಳ ಹೊತ್ತು ತಾಳಿಕೊಳ್ಳುತ್ತದೆ. ಅಲ್ಲಿ ಗಳಿಸಿದ ವಿಶ್ವಾಸವನ್ನು ಪಾಲಿಮರ್‌ಗೂ ವಿಸ್ತರಿಸಿದ್ದೇ ಎಡವಟ್ಟಿನ ಮೂಲ. ಪಾಲಿಮರ್ ಎಂದರೆ ಬಹುಪಾಲು ಇಂಗಾಲ ಮತ್ತು ಜಲಜನಕ. ಹಗುರ ಪರಮಾಣುಗಳು, ಮೆದು ವಸ್ತು, ಒಂದೇ ಪೆಟ್ಟಿಗೆ ಮುರಿಯುವ ಬಂಧಗಳು.

ಪಿಎಂಎಂಎ ಎಂಬ ಪಾಲಿಮರನ್ನು ಜನ ಅಕ್ರಿಲಿಕ್ ಹಾಳೆಯ ರೂಪದಲ್ಲಿ ಬಲ್ಲರು. 1960ರ ದಶಕದ ಕೊನೆಯಿಂದ ಇದೇ ವಸ್ತುವಿನ ತೆಳು ಪೊರೆಯ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಅತಿಸೂಕ್ಷ್ಮ ಗೆರೆಗಳನ್ನು ಬರೆಯುವ ತಂತ್ರ ಬಳಕೆಯಲ್ಲಿದೆ. ಕಿರಣ ಬಿದ್ದಲ್ಲಿ ಪಿಎಂಎಂಎ ಸರಪಳಿ ತುಂಡಾಗುತ್ತದೆ, ಆ ಭಾಗ ದ್ರಾವಕದಲ್ಲಿ ಕರಗಿಹೋಗುತ್ತದೆ, ಗೆರೆ ಮೂಡುತ್ತದೆ. ಅಂದರೆ ಒಂದು ಪ್ರಯೋಗಶಾಲೆಯಲ್ಲಿ ಎಲೆಕ್ಟ್ರಾನ್ ಕಿರಣವನ್ನು ಪಿಎಂಎಂಎ ಕತ್ತರಿಸುವ ಉಪಕರಣವಾಗಿ ಬಳಸುತ್ತಾರೆ. ಪಕ್ಕದ ಪ್ರಯೋಗಶಾಲೆಯಲ್ಲಿ ಅದೇ ಕಿರಣವನ್ನು ಪಿಎಂಎಂಎ ಹೇಗಿದೆ ಎಂದು ನೋಡುವ ಕಣ್ಣಾಗಿ ಬಳಸುತ್ತಾರೆ. ಎರಡೂ ಕಡೆ ವಸ್ತು ಒಂದೇ, ಭೌತನಿಯಮವೂ ಒಂದೇ. ನೋಡುವ ಉದ್ದೇಶವಿದೆ ಎಂದು ಎಲೆಕ್ಟ್ರಾನು ಬಂಧ ಮುರಿಯುವುದನ್ನು ಬಿಡುವುದಿಲ್ಲ. ಪಾಲಿಎಥಿಲೀನ್‌ನಲ್ಲಿ ನಡೆಯುವುದು ಬೇರೆ ಬಗೆಯ ಹಾನಿ: ಸರಪಳಿಗಳು ಒಂದಕ್ಕೊಂದು ಅಡ್ಡಬೆಸುಗೆ ಹಾಕಿಕೊಳ್ಳುತ್ತವೆ, ಜಲಜನಕ ಹೊರಬೀಳುತ್ತದೆ, ಹರಳಿನ ಕ್ರಮ ಅಳಿಯುತ್ತದೆ. ಪಿವಿಸಿಯಿಂದ ಕ್ಲೋರಿನ್ ಹಾರಿಹೋಗುತ್ತದೆ. ಬೆಂಜೀನ್ ಉಂಗುರಗಳಿರುವ ಪಾಲಿಸ್ಟೈರೀನ್ ಇವೆಲ್ಲಕ್ಕಿಂತ ಹೆಚ್ಚು ತಾಳುತ್ತದೆ, ಆದರೆ ಅದೂ ಕೊನೆಗೆ ಸೋಲುತ್ತದೆ.

ಹಾನಿಯ ಪ್ರಮಾಣವನ್ನು ಅಂಕಿಯಲ್ಲಿ ನೋಡಬೇಕು. ಆಸ್ಪತ್ರೆಯ ಪ್ಲಾಸ್ಟಿಕ್ ಸಿರಿಂಜುಗಳನ್ನು ವಿಕಿರಣದಿಂದ ಕ್ರಿಮಿಮುಕ್ತಗೊಳಿಸಲು ಸಾಮಾನ್ಯವಾಗಿ ಕೊಡುವ ಪ್ರಮಾಣ 25 ಕಿಲೋಗ್ರೇ. 300 ಕಿಲೋವೋಲ್ಟ್ ಸೂಕ್ಷ್ಮದರ್ಶಕದಲ್ಲಿ ಒಂದು ಚದರ ಆಂಗ್‌ಸ್ಟ್ರಾಮ್ ಜಾಗಕ್ಕೆ ಒಂದೇ ಒಂದು ಎಲೆಕ್ಟ್ರಾನು ಬಿದ್ದರೂ ಮಾದರಿ ಹೀರುವ ವಿಕಿರಣ ಸುಮಾರು 4 ಮೆಗಾಗ್ರೇ, ಅಂದರೆ ಸಿರಿಂಜಿಗೆ ಕೊಡುವುದರ ನೂರೈವತ್ತು ಪಟ್ಟು. ಸಾಧಾರಣ ಚಿತ್ರವೊಂದಕ್ಕೆ ಹತ್ತಾರು ಎಲೆಕ್ಟ್ರಾನುಗಳು ಬೇಕಾಗುತ್ತವೆ. ಜಾಗ ಹುಡುಕುವಾಗ, ಫೋಕಸ್ ಸರಿಪಡಿಸುವಾಗ ಬಿದ್ದ ಎಲೆಕ್ಟ್ರಾನುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಚಿತ್ರ ಸೆರೆಯಾಗುವ ಹೊತ್ತಿಗೆ ಮಸೂರದ ಕೆಳಗಿರುವುದು ಬಹಳ ಸಲ ಮೂಲ ಪಾಲಿಮರ್ ಆಗಿ ಉಳಿದಿರುವುದಿಲ್ಲ.

ಇಲ್ಲಿ ಒಂದು ವಾದ ಬರುತ್ತದೆ: ಹೊಸ ಯಂತ್ರಗಳು ಬಂದಿವೆ, ಅವುಗಳ ಬಿಡಿಸಿ ಕಾಣುವ ಶಕ್ತಿ ಒಂದು ಆಂಗ್‌ಸ್ಟ್ರಾಮಿಗಿಂತಲೂ ಸೂಕ್ಷ್ಮ, ಹಳೆಯ ತೊಂದರೆಗಳು ಮುಗಿದವು ಎಂಬುದು. ಈ ವಾದ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಟೆಲಿವಿಷನ್ ಕ್ಯಾಮೆರಾಗಳ ಕುರಿತು ಕೆಲಸ ಮಾಡಿದ ಆಲ್ಬರ್ಟ್ ರೋಸ್ 1940ರ ದಶಕದಲ್ಲಿ ಕೊಟ್ಟ ಸರಳ ನಿಯಮವೊಂದಿದೆ. ಚಿತ್ರದ ಮಚ್ಚೆಯೊಂದು ನಿಜವೆಂದು ನಂಬಬೇಕಾದರೆ ಅದರ ಸಂಕೇತ ಹಿನ್ನೆಲೆಯ ಗದ್ದಲಕ್ಕಿಂತ ಐದು ಪಟ್ಟಾದರೂ ಇರಬೇಕು. ಪಾಲಿಮರ್ ಪೊರೆಯ ಎರಡು ಭಾಗಗಳ ನಡುವೆ ಶೇಕಡ 5ರಷ್ಟು ಕಾಂಟ್ರಾಸ್ಟ್ ಇದೆಯೆಂದೂ, ಮಾದರಿ ಹಾಳಾಗದಂತೆ ಚದರ ಆಂಗ್‌ಸ್ಟ್ರಾಮಿಗೆ 10 ಎಲೆಕ್ಟ್ರಾನುಗಳನ್ನಷ್ಟೇ ಬಿಡಬಹುದೆಂದೂ ಇಟ್ಟುಕೊಳ್ಳೋಣ. 3 ನ್ಯಾನೋಮೀಟರ್ ಬದಿಯ ಚೌಕದ ಮೇಲೆ ಆಗ ಬೀಳುವುದು 9,000 ಎಲೆಕ್ಟ್ರಾನು. ಅದರಲ್ಲಿ ಸಹಜ ಏರಿಳಿತವೇ ಸುಮಾರು 95. ಶೇಕಡ 5ರ ವ್ಯತ್ಯಾಸವೆಂದರೆ 450. ಐದು ಪಟ್ಟಿನ ಷರತ್ತು ಇಲ್ಲಿಗೆ ಹೆಚ್ಚುಕಡಿಮೆ ಮುಟ್ಟಿತು. ಇದಕ್ಕಿಂತ ಕಿರಿದಾದ ಯಾವುದನ್ನೂ ಆ ಚಿತ್ರದಲ್ಲಿ ನಂಬುವಂತಿಲ್ಲ. ಯಂತ್ರಕ್ಕೆ ಅರ್ಧ ಆಂಗ್‌ಸ್ಟ್ರಾಮ್ ಕಾಣುವ ಸಾಮರ್ಥ್ಯವಿದ್ದರೂ ವಸ್ತು ಅದನ್ನು ಅದರ ಅರುವತ್ತು ಪಟ್ಟು ದೂರದಲ್ಲೇ ತಡೆದು ನಿಲ್ಲಿಸುತ್ತದೆ. ಕೋಟಿಗಟ್ಟಲೆ ಹಣ ಕೊಟ್ಟು ತಂದ ಸೂಕ್ಷ್ಮದರ್ಶಕದ ಗುಣಪತ್ರದಲ್ಲಿರುವ ಸಂಖ್ಯೆಯನ್ನು ಪಾಲಿಮರ್ ಪ್ರಬಂಧದಲ್ಲಿ ಬರೆದುಕೊಳ್ಳುವುದು ಓದುಗರನ್ನು ದಾರಿ ತಪ್ಪಿಸುವ ಕೆಲಸ.

ಹಾನಿಯ ನಂತರದ ಪ್ರಶ್ನೆ ಕಾಂಟ್ರಾಸ್ಟಿನದು. ಎರಡು ಪಾಲಿಮರ್‌ಗಳನ್ನು ಬೆರೆಸಿದ ಪೊರೆಯಲ್ಲಿ ಎರಡೂ ಇಂಗಾಲವೇ ಆದ್ದರಿಂದ, ಸರಿಯಾದ ಫೋಕಸ್‌ನಲ್ಲಿ ನೋಡಿದರೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಕಾಣುವಂತೆ ಮಾಡಲು ಎರಡು ದಾರಿಗಳಿವೆ. ಮೊದಲನೆಯದು ಆಸ್ಮಿಯಂ ಟೆಟ್ರಾಕ್ಸೈಡ್‌ನಂಥ ಭಾರಲೋಹದ ಸಂಯುಕ್ತದ ಆವಿ ಹಿಡಿಸುವುದು. ರಬ್ಬರಿನ ಜೋಡಿಬಂಧಗಳಿಗೆ ಆಸ್ಮಿಯಂ ಅಂಟಿಕೊಂಡು ಆ ಭಾಗ ಕಪ್ಪಾಗುತ್ತದೆ. ಅಲ್ಲಿ ಕಾಣುವುದು ಆಸ್ಮಿಯಂ. ಅದು ಎಷ್ಟು ಒಳಹೊಕ್ಕಿತು, ಎಷ್ಟು ಉಬ್ಬಿಸಿತು ಎಂಬುದು ಸಮಯ ಮತ್ತು ತಾಪದ ಮೇಲೆ ನಿಂತ ಸಂಗತಿ. ಎರಡನೆಯ ದಾರಿ ಬೇಕೆಂದೇ ಫೋಕಸ್ ತಪ್ಪಿಸುವುದು. ಆಗ ಎಲೆಕ್ಟ್ರಾನ್ ಅಲೆಗಳ ಹಂತವ್ಯತ್ಯಾಸ ಕಪ್ಪು ಬಿಳುಪಾಗಿ ಮೂಡುತ್ತದೆ. ಆದರೆ ಎಷ್ಟು ಫೋಕಸ್ ತಪ್ಪಿಸಿದರೆ ಯಾವ ಅಳತೆಯ ಮಚ್ಚೆ ಎದ್ದು ಕಾಣಬೇಕು ಎಂಬುದನ್ನು ಆಗ ತೀರ್ಮಾನಿಸುವುದು ಮಸೂರ, ಪಾಲಿಮರ್ ಅಲ್ಲ. ಮೊದಲ ದೊಡ್ಡ ತಪ್ಪು ನಡೆದದ್ದು ಇಲ್ಲಿಯೇ.

1967ರಲ್ಲಿ ಜಿ.ಎಸ್.ವೈ. ಯೇ ಮತ್ತು ಫಿಲಿಪ್ ಗೈಲ್ ಪಿಇಟಿ ಎಂಬ ಪಾಲಿಯೆಸ್ಟರಿನ, ಅಂದರೆ ಇಂದು ನೀರಿನ ಬಾಟಲಿಗಳಿಗೆ ಬಳಸುವ ವಸ್ತುವಿನ ಗಾಜಿನಂಥ ಪೊರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹರಳಾಗದ, ಕ್ರಮವೇ ಇಲ್ಲದ ವಸ್ತುವೆಂದು ಎಲ್ಲರೂ ತಿಳಿದಿದ್ದ ಅದರಲ್ಲಿ ಹತ್ತು ನ್ಯಾನೋಮೀಟರಿಗೂ ಕಿರಿದಾದ ಗುಂಡು ಗುಂಡಾದ ಕಾಳುಗಳು ಕಂಡವು. ಬೇರೆ ಪ್ರಯೋಗಶಾಲೆಗಳಲ್ಲೂ, ಬೇರೆ ಪಾಲಿಮರ್‌ಗಳಲ್ಲೂ ಕಾಳುಗಳು ಕಾಣತೊಡಗಿದವು. 1972ರಲ್ಲಿ ಯೇ ಅವುಗಳಿಗೊಂದು ಮಾದರಿಯನ್ನೇ ಮಂಡಿಸಿದರು: ಕಾಳಿನೊಳಗೆ ಸರಪಳಿಗಳು ಒಂದಿಷ್ಟು ಮಡಚಿಕೊಂಡು ಸಾಲಾಗಿ ನಿಂತಿವೆ, ಕಾಳುಗಳ ನಡುವೆ ಅಸ್ತವ್ಯಸ್ತ ಭಾಗವಿದೆ ಎಂಬುದು ಅದರ ಸಾರ.

ಈ ಮಾದರಿ ನಿಜವಾದರೆ ಪಾಲ್ ಫ್ಲೋರಿ 1950ರ ದಶಕದ ಹೊತ್ತಿಗೆ ಕಟ್ಟಿದ್ದ ಸಿದ್ಧಾಂತ ಬೀಳಬೇಕಿತ್ತು. ಗಾಜಿನಂಥ ಅಥವಾ ಕರಗಿದ ಪಾಲಿಮರ್‌ನಲ್ಲಿ ಪ್ರತಿ ಸರಪಳಿಯೂ ಬೇಯಿಸಿದ ಶ್ಯಾವಿಗೆಯ ಎಳೆಯಂತೆ ಗೊತ್ತುಗುರಿಯಿಲ್ಲದೆ ಸುತ್ತಿಕೊಂಡಿರುತ್ತದೆ, ನೆರೆಯ ಎಳೆಗಳ ನಡುವೆ ಹಾದುಹೋಗುತ್ತದೆ, ಅದರ ವಿಸ್ತಾರ ಅಣುತೂಕದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಫ್ಲೋರಿ ಹೇಳಿದ್ದರು. ಎದುರು ಪಕ್ಷದ ಬಳಿ ಚಿತ್ರವಿತ್ತು. ಫ್ಲೋರಿ ಬಳಿ ಇದ್ದದ್ದು ಸಂಖ್ಯಾಶಾಸ್ತ್ರ.

ತೀರ್ಪು ಬಂದದ್ದು ಚಿತ್ರವಿಲ್ಲದ ಪ್ರಯೋಗಗಳಿಂದ. 1970ರ ದಶಕದ ಆರಂಭದಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ಪರಮಾಣು ರಿಯಾಕ್ಟರ್‌ಗಳ ಬಳಿ ನ್ಯೂಟ್ರಾನ್ ಚದುರಿಕೆಯ ಅಳತೆಗಳು ಶುರುವಾದವು. ಕೆಲವು ಸರಪಳಿಗಳಲ್ಲಿ ಜಲಜನಕದ ಬದಲು ಡ್ಯೂಟೀರಿಯಂ ಇಟ್ಟರೆ ನ್ಯೂಟ್ರಾನಿಗೆ ಆ ಸರಪಳಿಗಳಷ್ಟೇ ಬೇರೆಯಾಗಿ ತೋರುತ್ತವೆ. ಪಿಎಂಎಂಎ, ಪಾಲಿಸ್ಟೈರೀನ್ ಎರಡರಲ್ಲೂ ಸಿಕ್ಕ ಉತ್ತರ ಒಂದೇ: ಸರಪಳಿಯ ಅಳತೆ ಫ್ಲೋರಿ ಹೇಳಿದಂತೆಯೇ ಇತ್ತು, ವರ್ಗಮೂಲದ ನಿಯಮವೂ ಹಾಗೆಯೇ ನಿಂತಿತು. ಅಮೆರಿಕದ ಎಂಐಟಿಯಲ್ಲಿ ಡೊನಾಲ್ಡ್ ಉಲ್ಮನ್ ಮತ್ತು ಸಂಗಡಿಗರು ಕಿರುಕೋನದ ಕ್ಷ-ಕಿರಣ ಚದುರಿಕೆಯನ್ನು ಅಳೆದರು. ಕಾಳುಗಳಿಗೂ ಅವುಗಳ ನಡುವಿನ ಜಾಗಕ್ಕೂ ಸಾಂದ್ರತೆಯಲ್ಲಿ ವ್ಯತ್ಯಾಸವಿದ್ದರೆ ಕ್ಷ-ಕಿರಣ ಬಲವಾಗಿ ಚದುರಬೇಕಿತ್ತು. ಸಿಕ್ಕದ್ದು ಅದಕ್ಕಿಂತ ಬಹಳ ಕಡಿಮೆ. ಯಾವುದೇ ದ್ರವದಂಥ ವಸ್ತುವಿನಲ್ಲಿ ಶಾಖದಿಂದಾಗುವ ಸಣ್ಣ ಸಾಂದ್ರತೆಯ ಏರಿಳಿತಕ್ಕೆ ಹೊಂದುವಷ್ಟು.

ಹಾಗಾದರೆ ಕಾಳುಗಳು ಎಲ್ಲಿಂದ ಬಂದವು? 1979ರಲ್ಲಿ ಎಡ್ವಿನ್ ಥಾಮಸ್ ಮತ್ತು ಇ.ಜೆ. ರೋಶ್ ಅದಕ್ಕೂ ಉತ್ತರ ಕೊಟ್ಟರು. ಫೋಕಸ್ ಬದಲಿಸುತ್ತ ಹೋದರೆ ಕಾಳಿನ ಗಾತ್ರವೂ ಬದಲಾಗುತ್ತಿತ್ತು. ವಸ್ತುವಿನಲ್ಲಿ ನಿಜವಾಗಿ ಇರುವ ಕಾಳು ಗುಂಡಿ ತಿರುಗಿಸಿದಂತೆ ಹಿಗ್ಗಿ ಕುಗ್ಗಲಾರದು. ಯಾವ ಕ್ರಮವೂ ಇಲ್ಲದ ಪೊರೆಯ ಸಹಜ ಗದ್ದಲದಿಂದ ಸೂಕ್ಷ್ಮದರ್ಶಕವೇ ಒಂದು ಅಳತೆಯ ಏರಿಳಿತವನ್ನು ಆರಿಸಿ ಎತ್ತಿ ತೋರಿಸಿತ್ತು. ಹನ್ನೆರಡು ವರ್ಷ ಕಾಲ ಒಂದು ಇಡೀ ಸಂಶೋಧನಾ ಶಾಖೆ ಮಸೂರದ ಗುಣವನ್ನು ಪಾಲಿಮರ್‌ನ ಗುಣವೆಂದು ಓದಿತ್ತು. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಕನ್ನಡದಲ್ಲಿ ಬಹಳ ಹಳೆಯದು. ಈ ಹನ್ನೆರಡು ವರ್ಷಗಳಲ್ಲಿ ಪರಾಂಬರಿಸುವುದೆಂದರೆ ಫೋಕಸ್ ಗುಂಡಿಯನ್ನು ನಾಲ್ಕು ಸಲ ತಿರುಗಿಸಿ ನೋಡುವುದಷ್ಟೇ ಆಗಿತ್ತು.

ಇದು ಅಜಾಗರೂಕರ ತಪ್ಪು, ಜಾಣರು ಇಂಥದ್ದಕ್ಕೆ ಬೀಳುವುದಿಲ್ಲ ಎನ್ನುವವರಿದ್ದಾರೆ. ಎರಡನೆಯ ಪ್ರಸಂಗ ಅವರಿಗೆ ಉತ್ತರ.

ಕಾಳುಗಳ ಭ್ರಮೆ ಬಿಡಿಸಿದ ಅದೇ ಥಾಮಸ್ 1986ರಲ್ಲಿ ಸಹೋದ್ಯೋಗಿಗಳ ಜೊತೆ ಪಾಲಿಸ್ಟೈರೀನ್ ಮತ್ತು ಪಾಲಿಐಸೊಪ್ರೀನ್ ತುಂಡುಗಳನ್ನು ನಕ್ಷತ್ರಾಕಾರದಲ್ಲಿ ಬೆಸೆದ ಪಾಲಿಮರ್ ಒಂದರ ರಚನೆಯನ್ನು ಪ್ರಕಟಿಸಿದರು. ಆಸ್ಮಿಯಂ ಹಿಡಿಸಿದ ತೆಳು ಸೀಳುಗಳ ಚಿತ್ರದಲ್ಲಿ ಸಂಶೋಧಕರು ಗಾಡಿಚಕ್ರವೆಂದು ಕರೆದ ಸುಂದರ ವಿನ್ಯಾಸ ಕಾಣುತ್ತಿತ್ತು. ಮಾದರಿಯನ್ನು ಬೇರೆ ಬೇರೆ ಕೋನಗಳಿಗೆ ವಾಲಿಸಿ ನೋಡಿದರು, ಕಂಪ್ಯೂಟರ್ ಲೆಕ್ಕದ ಚಿತ್ರಗಳೊಂದಿಗೆ ಹೋಲಿಸಿದರು. ಒಂದರೊಳಗೊಂದು ಹೆಣೆದ ಎರಡು ವಜ್ರಜಾಲಗಳು ಎಂಬ ತೀರ್ಮಾನಕ್ಕೆ ಬಂದರು. ಆ ಜಾಲದ ಪ್ರತಿ ಗಂಟಿನಲ್ಲೂ ನಾಲ್ಕು ತೋಳುಗಳು ಕೂಡುತ್ತವೆ. ಆಗಿನ ಕ್ಷ-ಕಿರಣ ಅಳತೆಗಳು ಅದನ್ನು ಅಲ್ಲಗಳೆಯುವಷ್ಟು ಸ್ಪಷ್ಟವಾಗಿರಲಿಲ್ಲ. ಮುಂದಿನ ವರ್ಷಗಳ ವಿಮರ್ಶಾ ಲೇಖನಗಳಲ್ಲಿ ಈ ದ್ವಿವಜ್ರ ರಚನೆ ಸ್ಥಾಪಿತ ಸತ್ಯವಾಗಿ ಸೇರಿಕೊಂಡಿತು.

1994ರಲ್ಲಿ ಹೈಡಕ್ ಮತ್ತು ಸಂಗಡಿಗರು ಸರಳವಾದ ಎರಡು ತುಂಡಿನ ಪಾಲಿಮರ್‌ನಲ್ಲಿ ಗೈರಾಯ್ಡ್ ಎಂಬ ಇನ್ನೊಂದು ಜಾಲರಚನೆಯನ್ನು ಗುರುತಿಸಿದರು. ಇದನ್ನು ಗಣಿತದ ಮೇಲ್ಮೈಯಾಗಿ 1970ರಲ್ಲಿ ವಿವರಿಸಿದವರು ನಾಸಾದಲ್ಲಿದ್ದ ಅಲನ್ ಶೋನ್. ಇದರ ಗಂಟಿನಲ್ಲಿ ಕೂಡುವುದು ಮೂರೇ ತೋಳು. ಗೈರಾಯ್ಡ್ ಕೂಡ ಒಂದು ದಿಕ್ಕಿನಿಂದ ನೋಡಿದರೆ ಗಾಡಿಚಕ್ರದಂತೆಯೇ ಕಾಣುತ್ತದೆ. ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಕ್ಷ-ಕಿರಣ ಚದುರಿಕೆಯ ಮೊದಲ ಎರಡು ಶೃಂಗಗಳ ಅನುಪಾತ: ದ್ವಿವಜ್ರಕ್ಕೆ ಅದು ಸುಮಾರು 1.22, ಗೈರಾಯ್ಡ್‌ಗೆ ಸುಮಾರು 1.15. ಅದೇ ವರ್ಷ ಮಾಟ್ಸನ್ ಮತ್ತು ಶಿಕ್ ಅವರ ಸೈದ್ಧಾಂತಿಕ ಲೆಕ್ಕವೂ ಗೈರಾಯ್ಡ್ ಸ್ಥಿರವೆಂದು ತೋರಿಸಿತು. 1995ರಲ್ಲಿ ಹಳೆಯ ನಕ್ಷತ್ರಾಕಾರದ ಪಾಲಿಮರನ್ನೇ ಮತ್ತೆ ಉತ್ತಮ ಕ್ಷ-ಕಿರಣಕ್ಕೊಡ್ಡಿ ನೋಡಲಾಯಿತು. ಅದೂ ಗೈರಾಯ್ಡ್ ಆಗಿತ್ತು. ಆ ಮರುಪರಿಶೀಲನೆಯ ಲೇಖಕರ ಪಟ್ಟಿಯಲ್ಲಿ ಥಾಮಸ್ ಹೆಸರೂ ಇದೆ. ತಮ್ಮ ಒಂಬತ್ತು ವರ್ಷ ಹಳೆಯ ನಿಲುವನ್ನು ತಾವೇ ತಿದ್ದಿದ ಆ ಪ್ರಾಮಾಣಿಕತೆಗೆ ವಿಜ್ಞಾನ ಋಣಿ. ಆದರೆ ಪಾಠವನ್ನು ಮರೆಯುವಂತಿಲ್ಲ. ಎಲೆಕ್ಟ್ರಾನ್ ಚಿತ್ರಗಳ ಮೋಸವನ್ನು ಆಗಿನ ಕಾಲದಲ್ಲಿ ಇತರರಿಗಿಂತ ಚೆನ್ನಾಗಿ ಬಲ್ಲ ವ್ಯಕ್ತಿಯನ್ನೂ ಚಿತ್ರ ಒಂಬತ್ತು ವರ್ಷ ತಪ್ಪು ರಚನೆಯಲ್ಲಿ ನಿಲ್ಲಿಸಿತು. ಎಚ್ಚರಿಕೆಯೊಂದೇ ಇಲ್ಲಿ ಸಾಲದು. ಬೇರೆ ಮೂಲದ ಸ್ವತಂತ್ರ ಅಳತೆಯೇ ಬೇಕು.

ಇಲ್ಲಿ ಕೆಲಸ ಮಾಡಿದ ದೋಷದ ಸ್ವರೂಪವೂ ಬೇರೆ. ಪ್ರಸರಣ ಸೂಕ್ಷ್ಮದರ್ಶಕದ ಚಿತ್ರ ಪೊರೆಯ ಮೇಲಿನಿಂದ ಕೆಳಗಿನವರೆಗಿನ ಎಲ್ಲವನ್ನೂ ಒಂದೇ ಸಮತಲಕ್ಕೆ ಇಳಿಸಿದ ನೆರಳು. ಮೂರು ಆಯಾಮದ ಎಷ್ಟೋ ಬೇರೆ ಬೇರೆ ವಸ್ತುಗಳು ಒಂದೇ ನೆರಳನ್ನು ಕೊಡಬಲ್ಲವು. ನೆರಳುಗಳಿಂದ ವಸ್ತುವನ್ನು ಮರಳಿ ಕಟ್ಟಲು ಹಲವು ಕೋನಗಳ ಚಿತ್ರಗಳೂ ಗಟ್ಟಿಯಾದ ಗಣಿತವೂ ಬೇಕು ಎಂಬುದನ್ನು 1968ರಲ್ಲಿ ಡಿ ರೋಸಿಯರ್ ಮತ್ತು ಆರನ್ ಕ್ಲುಗ್ ತೋರಿಸಿದರು. ಈ ಗಣಿತಕ್ಕೆ ಬೆಂಗಳೂರಿನ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕ್ಷ-ಕಿರಣ ಚಿತ್ರಗಳಿಂದಲೂ ಎಲೆಕ್ಟ್ರಾನ್ ಚಿತ್ರಗಳಿಂದಲೂ ಮೂರು ಆಯಾಮದ ರೂಪವನ್ನು ಕಟ್ಟುವ ಹೆಚ್ಚು ಸುಲಭವಾದ ಲೆಕ್ಕದ ದಾರಿಯನ್ನು ತೋರಿತು. ಅರ್ಧ ಶತಮಾನದ ಹಿಂದೆಯೇ ಸಿಕ್ಕಿದ ದಾರಿ ಇದು. ಹಾಗಿದ್ದೂ ಇಂದಿಗೂ ಪಾಲಿಮರ್ ಪೊರೆಯ ಒಂದೇ ಕೋನದ ಒಂದೇ ಚಿತ್ರವನ್ನು ‘ರಚನೆ’ ಎಂಬ ಶೀರ್ಷಿಕೆಯಡಿ ಅಚ್ಚುಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೂರನೆಯ ಪ್ರಸಂಗ ಹತ್ತಿರದ ಕಾಲದ್ದು. ಪ್ಲಾಸ್ಟಿಕ್ ಸೌರಕೋಶಗಳ ಸಂಶೋಧನೆ 2000ರ ನಂತರ ವೇಗ ಪಡೆದಾಗ ಜಗತ್ತಿನ ನೂರಾರು ಪ್ರಯೋಗಶಾಲೆಗಳು ಒಂದೇ ಜೋಡಿಯ ಮೇಲೆ ಕೆಲಸ ಮಾಡಿದವು: ಪಿ3ಎಚ್‌ಟಿ ಎಂಬ ಪಾಲಿಮರ್ ಮತ್ತು ಪಿಸಿಬಿಎಂ ಎಂಬ ಫುಲ್ಲರೀನ್ ಸಂಯುಕ್ತ. ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ತಿರುಗುವ ಗಾಜಿನ ಮೇಲೆ ಹನಿಸಿ, ನೂರಾರು ನ್ಯಾನೋಮೀಟರಿನ ಪೊರೆ ಮಾಡುತ್ತಾರೆ. ಬೆಳಕು ಬಿದ್ದಾಗ ಹುಟ್ಟುವ ಆವೇಶಗಳು ಎರಡು ವಸ್ತುಗಳ ಗಡಿಯಲ್ಲಿ ಬೇರ್ಪಡಬೇಕು. ಆದ್ದರಿಂದ ಪೊರೆಯೊಳಗೆ ಇವೆರಡೂ ಹೇಗೆ ಹರಡಿವೆ ಎಂಬುದೇ ಕೋಶದ ದಕ್ಷತೆಯ ಗುಟ್ಟು.

ಪಿ3ಎಚ್‌ಟಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.1 ಗ್ರಾಂ, ಪಿಸಿಬಿಎಂನದು ಸುಮಾರು 1.5. ಈ ಸಣ್ಣ ವ್ಯತ್ಯಾಸವನ್ನು ಎದ್ದು ಕಾಣಿಸಲು ಹಲವು ಮೈಕ್ರೋಮೀಟರುಗಳಷ್ಟು ಫೋಕಸ್ ತಪ್ಪಿಸಿ ಚಿತ್ರ ತೆಗೆಯುವುದು ವಾಡಿಕೆಯಾಯಿತು. ಚಿತ್ರದಲ್ಲಿ ತಿಳಿಯಾದ ನಾರುಗಳು, ನಡುವೆ ಕಪ್ಪು ಪ್ರದೇಶಗಳು. ತಿಳಿಯಾದದ್ದು ಪಾಲಿಮರ್, ಕಪ್ಪಾದದ್ದು ಫುಲ್ಲರೀನ್, ಎರಡೂ ಹೆಣೆದುಕೊಂಡ ಎರಡು ಶುದ್ಧ ಜಾಲಗಳು ಎಂಬ ಓದು ಹರಡಿತು. ಸಾಧನದ ಕಾರ್ಯವನ್ನು ಲೆಕ್ಕಹಾಕುವ ಮಾದರಿಗಳೂ ಚೂಪಾದ ಗಡಿಗಳಿರುವ ಎರಡು ಶುದ್ಧ ಭಾಗಗಳನ್ನೇ ಹಿಡಿದು ಹೊರಟವು.

2010 ಮತ್ತು 2011ರಲ್ಲಿ ಈ ಓದು ಕುಸಿಯಿತು. ಉತ್ತರ ಕ್ಯಾರೊಲೈನಾದಲ್ಲಿ ಹೆರಾಲ್ಡ್ ಏಡ್ ಅವರ ತಂಡ ಮೃದು ಕ್ಷ-ಕಿರಣಗಳಿಂದ ಪೊರೆಯ ರಾಸಾಯನಿಕ ಸಂಯೋಜನೆಯನ್ನೇ ಅಳೆದು, ಪಿಸಿಬಿಎಂ ಗಣನೀಯ ಪ್ರಮಾಣದಲ್ಲಿ ಪಾಲಿಮರ್‌ನೊಳಗೆ ಕರಗಿರುತ್ತದೆಂದು ತೋರಿಸಿತು. ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದರ ಮೇಲೊಂದು ಪದರವಾಗಿಟ್ಟ ಈ ಎರಡು ವಸ್ತುಗಳನ್ನು ಬಿಸಿಮಾಡಿದಾಗ ಪಿಸಿಬಿಎಂ ಬೇಗನೆ ಪಾಲಿಮರ್ ಪದರದೊಳಗೆ ಇಳಿಯುವುದನ್ನು ಕಂಡರು. ಹರಳಾದ ಪಾಲಿಮರ್, ಒಟ್ಟುಗೂಡಿದ ಫುಲ್ಲರೀನ್, ಇವುಗಳ ಜೊತೆ ಎರಡೂ ಬೆರೆತ ಮೂರನೆಯ ಭಾಗವೊಂದಿತ್ತು. ಫೋಕಸ್ ತಪ್ಪಿಸಿದ ಕಪ್ಪು ಬಿಳುಪಿನ ಚಿತ್ರದಲ್ಲಿ ಆ ಮೂರನೆಯದಕ್ಕೆ ಜಾಗವೇ ಇರಲಿಲ್ಲ, ಏಕೆಂದರೆ ಆ ವಿಧಾನ ಅಂಚುಗಳನ್ನು ಎತ್ತಿಹಿಡಿಯುತ್ತದೆ, ನಡುವಣ ಸಂಯೋಜನೆಯನ್ನು ಹೇಳುವುದಿಲ್ಲ. ಎಲೆಕ್ಟ್ರಾನುಗಳು ಕಳೆದುಕೊಂಡ ಶಕ್ತಿಯನ್ನು ಆರಿಸಿ ಚಿತ್ರ ತೆಗೆಯುವ ವಿಧಾನಕ್ಕೆ ತಿರುಗಿದ ಮೇಲೆ ಸೂಕ್ಷ್ಮದರ್ಶಕವೂ ಆ ಬೆರಕೆಯ ಭಾಗವನ್ನು ತೋರಿಸಿತು. ಯಂತ್ರಕ್ಕೆ ಮೊದಲೇ ಸರಿಯಾದ ಪ್ರಶ್ನೆ ಕೇಳಿದ್ದರೆ ಮೊದಲೇ ಉತ್ತರ ಸಿಗುತ್ತಿತ್ತು.

ಇಷ್ಟೆಲ್ಲದರ ಮೇಲೆ ಪ್ರಾತಿನಿಧ್ಯದ ಪ್ರಶ್ನೆಯೊಂದಿದೆ. ಮಾದರಿ ಹಿಡಿಯುವ ತಾಮ್ರದ ಜಾಲರಿಯ ವ್ಯಾಸ 3 ಮಿಲಿಮೀಟರ್, ಅಂದರೆ ಸುಮಾರು 70 ಲಕ್ಷ ಚದರ ಮೈಕ್ರೋಮೀಟರ್. ಪ್ರಬಂಧದಲ್ಲಿ ಅಚ್ಚಾಗುವ ಚಿತ್ರ ಬಹಳ ಸಲ ಅದರಲ್ಲಿ ಒಂದು ಚದರ ಮೈಕ್ರೋಮೀಟರ್. ಅದನ್ನು ಆರಿಸಿದವರು ಚೆನ್ನಾಗಿ ಕಾಣುವ ಜಾಗವನ್ನು ಆರಿಸಿದರೋ ಸಾಮಾನ್ಯ ಜಾಗವನ್ನೋ ಎಂಬುದು ಓದುಗರಿಗೆ ಗೊತ್ತಾಗುವುದಿಲ್ಲ. ಕ್ಷ-ಕಿರಣದ ಪುಂಜ ಒಂದೇ ಅಳತೆಯಲ್ಲಿ ಅದಕ್ಕಿಂತ ಎಷ್ಟೋ ಸಾವಿರ ಪಟ್ಟು ಜಾಗದ ಸರಾಸರಿಯನ್ನು ಕೊಡುತ್ತದೆ. ಹಾಗಿದ್ದೂ ಒಂದು ಚೂರಿನ ಸಾಕ್ಷ್ಯ ‘ಪ್ರತ್ಯಕ್ಷ’ವೆನಿಸಿ, ಇಡೀ ಪೊರೆಯ ಸಾಕ್ಷ್ಯ ‘ಪರೋಕ್ಷ’ವೆನಿಸಿರುವುದು ತಲೆಕೆಳಗಾದ ನ್ಯಾಯ.

ಚಿತ್ರಪಕ್ಷದವರ ಅತ್ಯಂತ ಬಲವಾದ ವಾದ ನಿಂತಿರುವುದು ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್ ಅವರ ಉದಾಹರಣೆಯ ಮೇಲೆ. 1957ರಲ್ಲಿ ಕೆಲ್ಲರ್ ದುರ್ಬಲ ದ್ರಾವಣದಲ್ಲಿ ಬೆಳೆಸಿದ ಪಾಲಿಎಥಿಲೀನ್ ಹರಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಸರಪಳಿಗಳು ಮಡಚಿಕೊಳ್ಳುತ್ತವೆ ಎಂಬ, ಪಾಲಿಮರ್ ವಿಜ್ಞಾನದ ಮಹತ್ವದ ಸತ್ಯವನ್ನು ಕಂಡುಕೊಂಡರು. ಹಾಗಿದ್ದ ಮೇಲೆ ಚಿತ್ರವನ್ನು ಶಂಕಿಸುವುದೇಕೆ ಎಂದು ಚಿತ್ರಪಕ್ಷದವರು ಕೇಳುತ್ತಾರೆ. ಕೆಲ್ಲರ್ ಮಾಡಿದ್ದನ್ನು ಸರಿಯಾಗಿ ನೋಡಿದರೆ ಅದು ಈ ಲೇಖನದ ಪಕ್ಷಕ್ಕೇ ಬಲ ಕೊಡುತ್ತದೆ. ಚಿತ್ರದಿಂದ ಅವರಿಗೆ ಸಿಕ್ಕದ್ದು ಚಪ್ಪಟೆಯಾದ ಹರಳು. ಹರಳಿನ ದಪ್ಪ ಸುಮಾರು 10 ನ್ಯಾನೋಮೀಟರ್ ಎಂಬುದನ್ನು ಬೇರೆಯಾಗಿ ಅಳೆದರು. ಸರಪಳಿಗಳು ಹರಳಿನ ಮೈಗೆ ಲಂಬವಾಗಿ ನಿಂತಿವೆ ಎಂದು ಹೇಳಿದ್ದು ಎಲೆಕ್ಟ್ರಾನ್ ವಿವರ್ತನೆ, ಅಂದರೆ ಚಿತ್ರವೇ ಅಲ್ಲದ ಚುಕ್ಕಿಗಳ ವಿನ್ಯಾಸ. ಸರಪಳಿಯ ಉದ್ದ ಹರಳಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದು ರಸಾಯನಶಾಸ್ತ್ರದಿಂದ ಗೊತ್ತಿತ್ತು. ಈ ನಾಲ್ಕನ್ನೂ ಕೂಡಿಸಿದಾಗ ಮಡಚುವುದರ ಹೊರತು ಬೇರೆ ಉತ್ತರ ಉಳಿಯಲಿಲ್ಲ. ಅದಕ್ಕೂ ಹತ್ತೊಂಬತ್ತು ವರ್ಷ ಮೊದಲು, 1938ರಲ್ಲಿ, ಬೆಲ್ ಪ್ರಯೋಗಶಾಲೆಯ ಸ್ಟೋರ್ಕ್ಸ್ ಗಟಾಪರ್ಚಾ ಎಂಬ ಪಾಲಿಮರ್‌ನ ತೆಳು ಪೊರೆಗಳ ವಿವರ್ತನೆಯಿಂದಲೇ ಮಡಚಿದ ಸರಪಳಿಯ ಮಾತನ್ನು ಎತ್ತಿದ್ದರು. ಅದನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಡಿಕೆ ಹೇಗಿದೆ, ಸರಪಳಿ ಹರಳಿನಿಂದ ಹೊರಬಂದು ಪಕ್ಕದಲ್ಲೇ ಮರಳಿ ಒಳಹೋಗುತ್ತದೆಯೋ ದೂರದಲ್ಲೋ ಎಂಬ ಮುಂದಿನ ಪ್ರಶ್ನೆಯಲ್ಲಿ ಚಿತ್ರ ಸಂಪೂರ್ಣ ಸೋತಿತು. 1979ರಲ್ಲಿ ಕೇಂಬ್ರಿಜ್‌ನ ಫ್ಯಾರಡೆ ಚರ್ಚಾಸಭೆಯಲ್ಲಿ ಫ್ಲೋರಿ ಪಕ್ಷಕ್ಕೂ ಕೆಲ್ಲರ್ ಪಕ್ಷಕ್ಕೂ ನಡೆದ ತೀವ್ರ ವಾಗ್ವಾದದಲ್ಲಿ ಎರಡೂ ಕಡೆಯವರು ಹೆಚ್ಚಾಗಿ ಆತುಕೊಂಡಿದ್ದು ನ್ಯೂಟ್ರಾನ್ ಚದುರಿಕೆಯನ್ನು.

ಚದುರಿಕೆಯ ದತ್ತಾಂಶವೂ ಊಹಿಸಿದ ಮಾದರಿಯ ಮೂಲಕವೇ ಓದಿಸಿಕೊಳ್ಳುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅದು ನಿಜ. ಪೊರೆಯ ಒಂದು ಮೂಲೆಯಲ್ಲಿರುವ ದೋಷವನ್ನು, ಒಂದು ತೂತನ್ನು, ತಪ್ಪಾಗಿ ಹೊಂದಿಕೊಂಡ ಒಂದು ಗಡಿಯನ್ನು ಸರಾಸರಿ ಕೊಡುವ ವಿಧಾನ ಎಂದೂ ತೋರಿಸಲಾರದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಆದರೆ ಚದುರಿಕೆಯ ವಕ್ರರೇಖೆ ಹಿಡಿದು ಬಂದವರಿಗೆ ‘ನಿಮ್ಮ ಮಾದರಿ ಯಾವುದು, ಊಹೆಗಳೇನು’ ಎಂದು ಎಲ್ಲರೂ ಕೇಳುತ್ತಾರೆ. ಚಿತ್ರ ಹಿಡಿದು ಬಂದವರಿಗೆ ಯಾರೂ ಕೇಳುವುದಿಲ್ಲ. ತಕರಾರು ಇರುವುದು ಈ ರಿಯಾಯಿತಿಯ ಬಗ್ಗೆ.

ರಿಯಾಯಿತಿ ಇಲ್ಲದೆಯೂ ಸೂಕ್ಷ್ಮದರ್ಶಕ ಬಾಳುತ್ತದೆ, ಇನ್ನೂ ಚೆನ್ನಾಗಿ ಬಾಳುತ್ತದೆ ಎಂಬುದಕ್ಕೆ ಜೀವವಿಜ್ಞಾನಿಗಳೇ ಸಾಕ್ಷಿ. ಅವರ ಪ್ರೊಟೀನುಗಳು ಪಾಲಿಮರ್‌ಗಳೇ, ಕಿರಣಕ್ಕೆ ಅಷ್ಟೇ ನಾಜೂಕು. 2017ರಲ್ಲಿ ಡುಬೊಶೆ, ಫ್ರ್ಯಾಂಕ್ ಮತ್ತು ಹೆಂಡರ್ಸನ್ ಅವರಿಗೆ ನೊಬೆಲ್ ತಂದ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನದ ಅಡಿಪಾಯವೇ ಎಲೆಕ್ಟ್ರಾನುಗಳನ್ನು ಎಣಿಸಿ ಎಣಿಸಿ ಖರ್ಚುಮಾಡುವುದು. ಆ ಕ್ಷೇತ್ರವೂ ಎಡವಿತ್ತು. 2013ರಲ್ಲಿ ಹೆಂಡರ್ಸನ್ ಒಂದು ಎಚ್ಚರಿಕೆಯ ಲೇಖನ ಬರೆದು, ಬರೀ ಗದ್ದಲವಿರುವ ಸಾವಿರ ಚಿತ್ರಗಳನ್ನು ಐನ್‌ಸ್ಟೈನ್ ಅವರ ಭಾವಚಿತ್ರಕ್ಕೆ ಹೊಂದಿಸಿ ಸರಾಸರಿ ತೆಗೆದರೆ ಐನ್‌ಸ್ಟೈನ್ ಮುಖವೇ ಮೂಡಿಬರುತ್ತದೆ ಎಂಬುದನ್ನು ನೆನಪಿಸಿದರು. ಹುಡುಕುವವರ ನಿರೀಕ್ಷೆಯೇ ಚಿತ್ರವಾಗಿ ಮರಳಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಆ ಕ್ಷೇತ್ರ ಪಾಠ ಕಲಿಯಿತು. ದತ್ತಾಂಶವನ್ನು ಎರಡು ಪಾಲು ಮಾಡಿ ಸ್ವತಂತ್ರವಾಗಿ ಸಂಸ್ಕರಿಸಿ ಹೋಲಿಸುವುದು, ಕೊನೆಯ ನಕ್ಷೆಯನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸುವುದು ಅಲ್ಲಿ ಇಂದು ನಿತ್ಯದ ಶಿಸ್ತು. ಮೂಲಚಿತ್ರಗಳನ್ನೇ ಇಡಲು ಎಂಪಿಯಾರ್ ಎಂಬ ಪ್ರತ್ಯೇಕ ಸಂಗ್ರಹವೂ ಇದೆ.

ಪಾಲಿಮರ್ ಪೊರೆಗಳ ಅಧ್ಯಯನದಲ್ಲಿ ಇಂಥ ಕಡ್ಡಾಯ ಶಿಸ್ತು ಇನ್ನೂ ಬೇರೂರಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದರ ಹೊರೆ ಇನ್ನೂ ಹೆಚ್ಚು. ಬೇರೆ ಸಂಸ್ಥೆಯ ಸೂಕ್ಷ್ಮದರ್ಶಕದ ಮುಂದೆ ಕಾಯ್ದಿರಿಸಿದ ಕೆಲವೇ ಗಂಟೆಗಳಲ್ಲಿ ‘ಒಳ್ಳೆಯ’ ಚಿತ್ರವೊಂದನ್ನು ಹಿಡಿದು ಹೊರಡಬೇಕಾದ ಒತ್ತಡದಲ್ಲಿ ಡೋಸ್ ಲೆಕ್ಕಕ್ಕೂ ಫೋಕಸ್ ಸರಣಿಗೂ ಸಮಯ ಉಳಿಯುವುದಿಲ್ಲ. ಪರಿಶೀಲಕರು ಕೇಳುವುದು ಚಿತ್ರವನ್ನಷ್ಟೇ ಆದ್ದರಿಂದ ಉಳಿದದ್ದನ್ನು ಅಳೆಯಲು ಮಾರ್ಗದರ್ಶಕರೂ ಒತ್ತಾಯಿಸುವುದಿಲ್ಲ. ತಪ್ಪು ವಿದ್ಯಾರ್ಥಿಯದಲ್ಲ, ಬೇಡಿಕೆಯನ್ನು ರೂಪಿಸಿದವರದು. ಬದಲಾಗಬೇಕಾದದ್ದೂ ಬೇಡಿಕೆಯೇ.

ಪ್ರತಿ ಚಿತ್ರದ ಕೆಳಗೆ ವೇಗವರ್ಧಕ ವೋಲ್ಟೇಜ್, ಚದರ ಆಂಗ್‌ಸ್ಟ್ರಾಮಿಗೆ ಬಿದ್ದ ಒಟ್ಟು ಎಲೆಕ್ಟ್ರಾನುಗಳು, ಫೋಕಸ್ ಎಷ್ಟು ತಪ್ಪಿಸಲಾಗಿತ್ತು, ಪೊರೆಯ ದಪ್ಪ, ಬಣ್ಣ ಹಿಡಿಸಿದ ವಿವರ ಇರಬೇಕು. ಒಂದೇ ಜಾಗದ ಕನಿಷ್ಠ ಮೂರು ಫೋಕಸ್‌ಗಳ ಚಿತ್ರಗಳು ಪೂರಕ ದಾಖಲೆಯಲ್ಲಿ ಸಿಗಬೇಕು. ಮಚ್ಚೆಯ ಗಾತ್ರ ಅವುಗಳ ನಡುವೆ ಬದಲಾದರೆ ಲೇಖಕರೇ ಅದನ್ನು ಹೇಳಬೇಕು. ಜಾಲರಿಯ ಬೇರೆ ಬೇರೆ ಕಡೆಗಳಿಂದ, ಮೊದಲೇ ಗೊತ್ತುಮಾಡಿಕೊಂಡ ಜಾಗಗಳಲ್ಲಿ ತೆಗೆದ ಚಿತ್ರಗಳನ್ನು ಸೇರಿಸಬೇಕು. ಚಿತ್ರದಿಂದ ಅಳೆದ ಅಂತರವನ್ನು ಅದೇ ಪೊರೆಯ ಕ್ಷ-ಕಿರಣ ಅಥವಾ ನ್ಯೂಟ್ರಾನ್ ಚದುರಿಕೆಯ ಸಂಖ್ಯೆಯ ಪಕ್ಕದಲ್ಲಿಟ್ಟು ತೋರಿಸಬೇಕು, ಎರಡೂ ಕೂಡದಿದ್ದರೆ ಕೂಡಲಿಲ್ಲ ಎಂದೇ ಅಚ್ಚುಹಾಕಬೇಕು. ಇವುಗಳಲ್ಲಿ ಮೊದಲ ಮೂರಕ್ಕೆ ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ. ಈಗಿರುವ ಯಂತ್ರದ ಮುಂದೆ ಇನ್ನೊಂದಿಷ್ಟು ಸಮಯ ಸಾಕು. ಆ ಸಮಯವನ್ನು ವಿದ್ಯಾರ್ಥಿಗೆ ಕೊಡಿಸುವುದು ಪರಿಶೀಲಕರ, ಸಂಪಾದಕರ ಮತ್ತು ಉಪಕರಣ ಕೇಂದ್ರಗಳ ಸಮಯಪಟ್ಟಿ ಬರೆಯುವವರ ಹೊಣೆ.